ಪಟ್ಟಾಭಿರಾಮರ ಸಗಣಿ ಪೂಜೆ

ಪಟ್ಟಾಭಿರಾಮರಿಗೆ ಹುಳುಹುಪ್ಪಟೆಗಳ ಬಗ್ಗೆ ಅಪಾರ ಗೌರವವಿತ್ತು. ಗೌರವ ಇಟ್ಟುಕೊಂಡವರಿಂದ ನಾಲ್ಕು ಮಾರು ದೂರ ನಿಲ್ಲಬೇಕು ಎಂಬ ಸಂಸ್ಕಾರವೂ ಇತ್ತು. ತುಮಕೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ ಅವರು ಜಿರಳೆಯ ಒಳಾಂಗಗಳನ್ನು ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ್ದುಂಟು. ಅದೇ ಜಿರಳೆ ಎಸ್.ಎಸ್. ಪುರಂನ ಸ್ವಂತ ಮನೆಯ ಬಚ್ಚಲಲ್ಲಿ ಮೀಸೆ ಅಲ್ಲಾಡಿಸಿದರೆ "ಕಮಲಾ!" ಎಂದು ಕೂಗಿ, ಹೆಂಡತಿ ಪೊರಕೆ ತರುವವರೆಗೆ ಸ್ಟೂಲಿನ ಮೇಲೆ ನಿಂತದ್ದೂ ಉಂಟು.

ಹೀಗೆ ಹುಳುಗಳಿಗೂ ಅವರಿಗೂ ಯಾವ ವ್ಯಾಜ್ಯವೂ ಇಲ್ಲದೆ ಕಾಲ ನಡೆದಿರಲು, ಕಾಲೇಜಿಗೆ ಪರಿಶೀಲನಾ ಸಮಿತಿ ಬರುತ್ತದೆ ಎಂಬ ಸುದ್ದಿ ಬಂತು. ಪ್ರಾಣಿಶಾಸ್ತ್ರದ ಮ್ಯೂಸಿಯಂ ಎಂದು ಬೋರ್ಡು ಹೊತ್ತ ಕೋಣೆಯ ಬೀರುವನ್ನು ಪಟ್ಟಾಭಿರಾಮರು ಬಹಳ ವರ್ಷಗಳ ಮೇಲೆ ತೆರೆದರು. ಕೀಟಗಳ ಪೆಟ್ಟಿಗೆಗಳಲ್ಲಿ ಗುಂಡುಸೂಜಿಗಳು ನೆಟ್ಟಗೆ ನಿಂತಿದ್ದವು. ಸೂಜಿಯ ಕೆಳಗೆ ಹೆಸರಿನ ಚೀಟಿಗಳಿದ್ದವು. ಸೂಜಿಗೂ ಚೀಟಿಗೂ ನಡುವೆ ಇರಬೇಕಾದ ಕೀಟ ಮಾತ್ರ ಇರಲಿಲ್ಲ. ನಶ್ಯದಂಥ ಒಂದಿಷ್ಟು ಪುಡಿ ಇತ್ತು. ಹುಳುಗಳನ್ನು ಹುಳು ತಿಂದುಬಿಟ್ಟಿತ್ತು!

ಪ್ರಿನ್ಸಿಪಾಲ್ ರಂಗನಾಥ್ ಪುಡಿಯನ್ನು ನೋಡಿ, ಪಟ್ಟಾಭಿರಾಮರನ್ನು ನೋಡಿ, ಬಾಗಿಲು ಮುಂದಕ್ಕೆ ಮಾಡಿದರು.

"ಸೋಮವಾರ ಕಮಿಟಿ ಬರುತ್ತೆ. ಮ್ಯೂಸಿಯಂ ಇಲ್ಲ ಅಂತ ಬರೆದರೆ ಮ್ಯಾನೇಜ್‌ಮೆಂಟಿನವರು ಈ ರೂಮನ್ನ ಕಂಪ್ಯೂಟರ್‌ನವರಿಗೆ ಕೊಡ್ತಾರೆ. ನಿಮ್ಮನ್ನ ಸಿ.ಎಸ್. ಪುರದ ಹಾಸ್ಟೆಲ್‌ಗೆ ವಾರ್ಡನ್ ಮಾಡಿ ಕಳಿಸ್ತಾರೆ. ಆಗಲೇ ಮಾತು ಆಗಿದೆ."

ನಿವೃತ್ತಿ ಹತ್ತಿರ ಬಂದ ಕಾಲದಲ್ಲಿ ಹುಡುಗರ ತಟ್ಟೆ ಲೋಟ ಕಾಯುವುದೇ?

"ಒಂದ್ ಕೆಲಸ ಮಾಡೋಣ್ವಾ?" ರಂಗನಾಥ್ ದನಿ ತಗ್ಗಿಸಿದರು. "ಬೇರೆ ಕಾಲೇಜಿಂದ ಪೆಟ್ಟಿಗೆ ಬಾಡಿಗೆಗೆ ತರೋಣ. ಎಲ್ರೂ ಮಾಡೋದೇ."

ಆಗ ಪಟ್ಟಾಭಿರಾಮರ ಬಾಯಿಂದ ಒಂದು ಮಾತು ಹೊರಬಿತ್ತು. ಎಲ್ಲಿಂದ ಬಂತೋ ಅವರಿಗೇ ತಿಳಿಯದು.

"ಬಾಡಿಗೆ ಹುಳು ಬೇಡ ಸರ್. ನಾನೇ ಎಕ್ಸ್‌ಪೆಡಿಶನ್ ಹೋಗ್ತೀನಿ."

ಆ ಇಂಗ್ಲಿಷ್ ಪದ ಅವರಿಗೆ ಬಲು ರುಚಿಸಿತು. ಮಾರನೆಯ ದಿನ ಅಮಾನಿಕೆರೆಯ ವಾಕಿಂಗಿನಲ್ಲಿ ಪಕ್ಕದ ಮನೆಯ ಕಾಂತೇಶ್‌ಗೂ ಅದನ್ನೇ ಹೇಳಿದರು. ಕಾಂತೇಶ್ ವಿದ್ಯುತ್ ಇಲಾಖೆಯಲ್ಲಿ ಮೀಟರ್ ಪರೀಕ್ಷಿಸುತ್ತಿದ್ದು ನಿವೃತ್ತರಾದವರು. ಲೋಕದಲ್ಲಿ ಎಲ್ಲರೂ ಎಲ್ಲೋ ಒಂದು ಕಡೆ ಕಳ್ಳ ತಂತಿ ಎಳೆದುಕೊಂಡಿರುತ್ತಾರೆ ಎಂಬುದು ಅವರ ಸಿದ್ಧಾಂತ.

"ಹುಲಿಯೂರುದುರ್ಗದ ಬೆಟ್ಟಕ್ಕಾ? ಒಬ್ರೇನಾ? ಹುಳ ಹಿಡಿಯೋಕಾ?" ಎಂದು ಮೂರು ಪ್ರಶ್ನೆ ಕೇಳಿ ಕಾಂತೇಶ್ ಸುಮ್ಮನಾದರು. ಆ ಸುಮ್ಮನಿರುವಿಕೆ ಒಳ್ಳೆಯದಲ್ಲ ಎಂದು ಪಟ್ಟಾಭಿರಾಮರಿಗೆ ತಿಳಿಯಬೇಕಿತ್ತು.

ಕೀಟ ಹಿಡಿಯುವ ವಿದ್ಯೆಯನ್ನು ಅವರು ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿತರು. ನೆಲದಲ್ಲಿ ಗುಂಡಿ ತೋಡಿ ಲೋಟ ಹೂಳಬೇಕು. ಲೋಟದೊಳಗೆ ಸೋಪಿನ ನೀರು ಹಾಕಬೇಕು. ಬಿದ್ದ ಹುಳು ಮೇಲೆ ತೇಲದೆ ಮುಳುಗುತ್ತದೆ. ಲೋಟದ ಮೇಲೆ ಕಡ್ಡಿ ನೆಟ್ಟು, ಬಟ್ಟೆಯಲ್ಲಿ ಸಗಣಿ ಗಂಟು ಕಟ್ಟಿ ನೇತುಹಾಕಿದರೆ ವಾಸನೆಗೆ ಸಗಣಿ ಹುಳುಗಳು ಬಂದು ಬೀಳುತ್ತವೆ. ಇನ್ನೊಂದು ವಿಡಿಯೊದಲ್ಲಿ ಹಳದಿ ಬಟ್ಟಲು ಇಟ್ಟರೆ ಹಾರುವ ಹುಳುಗಳೂ ಬರುತ್ತವೆ ಎಂದಿತ್ತು. ಹಳದಿ ಬಟ್ಟಲಿಗೆ ಎಲ್ಲಿ ಹೋಗುವುದು? ಬಿಳಿ ಪ್ಲಾಸ್ಟಿಕ್ ಲೋಟಕ್ಕೆ ಅರಿಶಿನದ ನೀರು ಹಾಕಿದರಾಯಿತು ಎಂದು ತೀರ್ಮಾನಿಸಿ, ತಮ್ಮ ಜಾಣತನಕ್ಕೆ ತಾವೇ ತಲೆದೂಗಿದರು.

ಬಟ್ಟೆಗೆ ಕಮಲಳ ಬೀರು ಇತ್ತು. ತಾಂಬೂಲದಲ್ಲಿ ಕೊಟ್ಟ ಬ್ಲೌಸ್ ಪೀಸುಗಳು ಅದರ ಕೆಳಗಿನ ಅರೆಯಲ್ಲಿ ಬಿದ್ದಿದ್ದವು. ಬ್ಲೌಸ್ ಪೀಸು ಎಂಬುದನ್ನು ಯಾರೂ ಹೊಲಿಸುವುದಿಲ್ಲ. ಅವರು ಇವರಿಗೆ ಕೊಡುತ್ತಾರೆ, ಇವರು ಇನ್ನೊಬ್ಬರಿಗೆ ಕೊಡುತ್ತಾರೆ. ಊರೆಲ್ಲ ಸುತ್ತಿ ಕೊನೆಗೆ ಕೊಟ್ಟವರ ಮನೆಗೇ ಬರುತ್ತದೆ. ಇಂಥ ಅನಾಥ ವಸ್ತುವನ್ನು ವಿಜ್ಞಾನಕ್ಕೆ ಬಳಸಿದರೆ ತಪ್ಪೇನು? ಕೈಗೆ ಸಿಕ್ಕ ಕೆಂಪು ಪೀಸುಗಳನ್ನೆಲ್ಲ ಚೀಲಕ್ಕೆ ತುರುಕಿ, ಶನಿವಾರ ಬೆಳಿಗ್ಗೆ ಹೊರಟರು.

"ಅಮಾವಾಸ್ಯೆ ದಿನ ಎಲ್ಲಿಗ್ರೀ ಬೆಟ್ಟ ಗಿಟ್ಟ ಅಂತ?" ಎಂದಳು ಕಮಲ.

"ವಿಜ್ಞಾನಕ್ಕೆ ಅಮಾವಾಸ್ಯೆ ಇಲ್ಲ ಕಣೇ," ಎಂದು ಪಟ್ಟಾಭಿರಾಮರು ಕುಣಿಗಲ್ ಬಸ್ಸು ಹತ್ತಿದರು.

ಹುಲಿಯೂರುದುರ್ಗದಲ್ಲಿ ಇಳಿದು, ಬೆಟ್ಟದ ಬುಡದ ಬಸವನಪಾಳ್ಯದವರೆಗೆ ನಡೆದರು. ಊರ ಕೊನೆಯ ಮನೆಯ ಮುಂದೆ ಮೇಕೆಗಳನ್ನು ಬಿಡುತ್ತಿದ್ದ ಕದರಮ್ಮ ಎಂಬ ಮುದುಕಿ ಕಂಡಳು. ಪಕ್ಕದಲ್ಲಿ ಎಮ್ಮೆ ಕಟ್ಟಿತ್ತು.

"ಅಮ್ಮಾ, ಸ್ವಲ್ಪ ಸಗಣಿ ಬೇಕಿತ್ತು."

"ಸಗಣಿನಾ? ಯಾಕ್ ಸ್ವಾಮಿ?"

ಇಲ್ಲಿ ನಿಜ ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಇಸ್ತ್ರಿ ಪ್ಯಾಂಟು ಹಾಕಿಕೊಂಡ ಪ್ರೊಫೆಸರು, ಹಳ್ಳಿ ಹೆಂಗಸಿನ ಮುಂದೆ, ಸಗಣಿ ಹುಳ ಹಿಡಿಯೋಕೆ ಬಂದೆ ಎಂದು ಹೇಗೆ ಹೇಳುವುದು? ಮಾನವಂತರ ನಾಲಿಗೆ ಇಂಥ ಕಡೆಯೇ ಜಾರುವುದು.

"ಪೂಜೆಗೆ," ಎಂದರು.

"ಓ, ಬೆನಕಪ್ಪನ್ ಮಾಡಕಾ! ಒಂದು ಉಂಡೆ ಸಾಕಲ್ವಾ?"

"ಇಲ್ಲಮ್ಮ, ಒಂದು ಬಕೆಟ್ ಬೇಕು."

ಕದರಮ್ಮ ಮೇಕೆಯ ಹಗ್ಗ ಬಿಟ್ಟಳು. "ಅಮಾಸೆ ದಿನ, ಬೆಟ್ಟದ್ ಮ್ಯಾಲೆ, ಒಂದ್ ಬಕೀಟು ಸಗಣಿ! ಯಾವ್ ದೇವ್ರು ಸ್ವಾಮಿ ಅದು?"

"ಸ್ವಲ್ಪ ದೊಡ್ಡ ದೇವರು," ಎಂದರು ಪಟ್ಟಾಭಿರಾಮರು.

ಬೆಟ್ಟದ ಕುರುಚಲು ಕಾಡಿನಲ್ಲಿ, ಕೋಟೆಯ ಗೋಡೆ ಕಾಣುವ ಕಡೆ, ಅವರು ಸಾಲಾಗಿ ಗುಂಡಿ ತೋಡಿದರು. ಲೋಟ ಹೂತರು. ಕೆಂಪು ಗಂಟುಗಳನ್ನು ತೂಗುಬಿಟ್ಟರು. ಅರಿಶಿನದ ನೀರು ಹೊಯ್ದು, ಕೊನೆಗೆ ಒಂದೊಂದು ಚಿಟಿಕೆ ಸೋಪಿನ ಪುಡಿ ಹಾಕಿದರು. ಹಾಕಿದ್ದೇ ತಡ, ಹಳದಿ ನೀರು ರಕ್ತದ ಹಾಗೆ ಕೆಂಪಾಯಿತು. ಅರಿಶಿನಕ್ಕೆ ಸುಣ್ಣವೋ ಸೋಪೋ ತಗುಲಿದರೆ ಕೆಂಪಾಗುತ್ತದೆ ಎಂಬುದು ಆರತಿ ತಟ್ಟೆ ಹಿಡಿದ, ಇಲ್ಲವೇ ಹಬ್ಬದ ಮಾರನೆ ದಿನ ಪಂಚೆ ಒಗೆದ ಯಾರಿಗಾದರೂ ಗೊತ್ತು. ಪಟ್ಟಾಭಿರಾಮರು ಆರತಿ ಎತ್ತಿಸಿಕೊಂಡವರೇ ಹೊರತು ಎತ್ತಿದವರಲ್ಲ. ರಸಾಯನಶಾಸ್ತ್ರ ನನ್ನ ವಿಷಯವಲ್ಲ ಎಂದುಕೊಂಡು ಕೈ ಒರೆಸಿಕೊಂಡು ಬಸ್ಸು ಹತ್ತಿದರು.

ಭಾನುವಾರ ಬೆಳಿಗ್ಗೆ ಅವರು ಮರಳಿ ಬಂದಾಗ ಬೆಟ್ಟದ ಮೇಲೆ ಬಸವನಪಾಳ್ಯದ ಜನವೆಲ್ಲ ನೆರೆದಿತ್ತು. ಗುಂಡಿಗಳ ಸುತ್ತ ಅಷ್ಟು ದೂರದಲ್ಲಿ, ಚಪ್ಪಲಿ ಕಳಚಿ ನಿಂತಿದ್ದರು. ಮುಂದೆ ನಿಂತಿದ್ದವನು ಪಂಚಾಯ್ತಿ ಮೆಂಬರ್ ಮಹಾಲಿಂಗಯ್ಯ. ಬಿಳಿ ಅಂಗಿ, ಜೇಬಲ್ಲಿ ಎರಡು ಮೊಬೈಲು.

"ಇವ್ರೇ ಕಣಪ್ಪ!" ಕದರಮ್ಮ ಬೆರಳು ತೋರಿಸಿದಳು. "ಪೂಜೆಗೆ ಅಂತ ನನ್ನತ್ರನೇ ಸಗಣಿ ಈಸ್ಕೊಂಡ್ರು. ನನ್ನ ಎಮ್ಮೆಗೇನಾದ್ರೂ ಆದ್ರೆ ನಾನ್ ಬುಡಕಿಲ್ಲ!"

ಪಟ್ಟಾಭಿರಾಮರು ಒಂದು ನಗೆ ನಕ್ಕರು. ತಪ್ಪಿತಸ್ಥರು ನಗುವುದು ಹಾಗೆಯೇ.

"ಬನ್ನಿ ಸಾ," ಎಂದ ಮಹಾಲಿಂಗಯ್ಯ ಬಲು ವಿನಯದಿಂದ. "ಕೋಟೆ ಬೆಟ್ಟ. ಅಮಾಸೆ. ಕೆಂಪು ಬಟ್ಟೆ. ಗುಂಡಿ ತುಂಬ ರಕ್ತ. ನಾವೇನ್ ಹಾಲು ಕುಡಿಯೋ ಮಕ್ಳಾ? ನಿಧಿ ಎಷ್ಟ್ ಕೆಳಗೈತೆ ಹೇಳ್ಬುಡಿ."

"ನಿಧಿ ಅಲ್ರೀ! ಅದು ಅರಿಶಿನದ ನೀರು. ಸೋಪು ಹಾಕಿದೀನಿ."

"ಸೋಪ್ ಯಾಕಾಕಿದ್ರಿ?"

"ಹುಳ ಮುಳುಗಲಿ ಅಂತ."

"ಯಾವ್ ಹುಳ?"

ಪಟ್ಟಾಭಿರಾಮರು ಗಂಟಲು ಸರಿಮಾಡಿಕೊಂಡರು. "ಸಗಣಿ ಹುಳ. ನಾನು ಪ್ರೊಫೆಸರು. ತುಮಕೂರಿಂದ ಸಗಣಿ ಹುಳ ಹಿಡಿಯೋಕೆ ಬಂದಿದೀನಿ."

ಅಷ್ಟು ಜನರಲ್ಲಿ ಒಬ್ಬರೂ ನಗಲಿಲ್ಲ. ಅದೇ ಭಯಂಕರವಾಗಿತ್ತು. ಸುಳ್ಳು ಹೇಳುವವನು ಇದಕ್ಕಿಂತ ಚೆನ್ನಾಗಿ ಹೇಳುತ್ತಾನೆ. ಇಷ್ಟು ಕೆಟ್ಟ ಸುಳ್ಳು ಹೇಳಬೇಕಾದರೆ ನಿಧಿ ಕೊಪ್ಪರಿಗೆಗಟ್ಟಲೆ ಇರಬೇಕು ಎಂದು ಎಲ್ಲರೂ ಏಕಕಾಲಕ್ಕೆ ಯೋಚಿಸಿದಂತಿತ್ತು.

"ನಮ್ಮೂರಾಗೆ ಸಗಣಿ ಹುಳ ತುಳ್ಕೊಂಡ್ ಓಡಾಡ್ತೀವಿ ಸಾ. ಅದ್ನ ಇಡಿಯಾಕೆ ಬಸ್‌ಚಾರ್ಜ್ ಕೊಟ್ಕಂಡ್ ಬಂದ್ರಾ?" ಎಂದು ಹಿಂದಿನಿಂದ ಯಾರೋ ಕೇಳಿದರು. ಪ್ರಶ್ನೆ ನ್ಯಾಯವಾಗಿಯೇ ಇತ್ತು.

ಅದೇ ಹೊತ್ತಿಗೆ ಪಟ್ಟಾಭಿರಾಮರ ಮೊಬೈಲು ಹೊಡೆದುಕೊಂಡಿತು. "ಸ್ಪೀಕರ್‌ಗೆ ಹಾಕಿ ಸಾ, ಮಾಲು ಕೊಳ್ಳೋ ಪಾರ್ಟಿಯವ್ರೇ ಇರ್ಬೇಕು," ಎಂದ ಮಹಾಲಿಂಗಯ್ಯ.

"ರೀ!" ಕಮಲಳ ದನಿ ಬೆಟ್ಟಕ್ಕೆಲ್ಲ ಕೇಳಿಸಿತು. "ಪಕ್ಕದ ಮನೆ ತಾಂಬೂಲಕ್ಕೆ ಬೀರು ತೆಗೀತೀನಿ, ಕೆಂಪು ಬ್ಲೌಸ್ ಪೀಸ್ ಒಂದೂ ಇಲ್ಲ! ಯಾರಿಗೆ ಕೊಟ್ರಿ? ಯಾರವಳು?"

"ಯಾರಿಗೂ ಇಲ್ಲ ಕಣೇ! ಸಗಣಿ ಕಟ್ಟಿದೀನಿ."

"ನಾಚಿಕೆ ಆಗಲ್ವಾ ಈ ವಯಸ್ಸಲ್ಲಿ ಇಂಥ ಸುಳ್ಳು ಹೇಳೋಕೆ?" ಎಂದು ಫೋನು ಕಟ್ಟಾಯಿತು.

ಮಹಾಲಿಂಗಯ್ಯ ಜನದ ಕಡೆ ತಿರುಗಿದ. "ನೋಡ್ರಪ್ಪ, ಕಟ್ಕೊಂಡ ಎಂಡ್ರೇ ನಂಬಲ್ಲ, ನಾವ್ ನಂಬ್ಬೇಕಂತೆ. ಗಂಟು ಬಿಚ್ರಿ. ಏನಿಟ್ಟವ್ರೋ ನೋಡಾಣ."

ಬಿಚ್ಚಲು ಯಾರೂ ಮುಂದೆ ಬರಲಿಲ್ಲ. ಮಾಟದ ಗಂಟು ಮುಟ್ಟಿದ ಕೈ ಸೇದಿಹೋಗುತ್ತದೆ ಎಂದು ಒಬ್ಬ, ಮೆಂಬರಾದವರೇ ಮೊದಲು ಬಿಚ್ಚಬೇಕು ಎಂದು ಇನ್ನೊಬ್ಬ. ಮುಂದಿನ ಚುನಾವಣೆಯನ್ನು ನೆನೆದು ಮಹಾಲಿಂಗಯ್ಯ ಕಣ್ಣು ಮುಚ್ಚಿ ಕೈ ಹಾಕಿದ. ಮೊಣಕೈವರೆಗೆ ಏನಾಯಿತು ಎಂದು ಬರೆಯುವುದು ಬೇಡ. ಕದರಮ್ಮ ಮೂಸಿ ನೋಡಿ, "ನಮ್ಮ ಎಮ್ಮೇದೇ," ಎಂದು ದೃಢೀಕರಿಸಿದಳು.

ಇಷ್ಟಕ್ಕೆ ಅನುಮಾನ ಹೋಗಬೇಕಿತ್ತಲ್ಲವೆ? ಅನುಮಾನವೆಂಬುದು ಹಾಗೆ ಹೋಗುವ ನೆಂಟನಲ್ಲ. ಊಟ ಮುಗಿಸಿ ಹಾಸಿಗೆ ಕೇಳುತ್ತದೆ. "ಮ್ಯಾಲೆ ಸಗಣಿ ಮಡಗಿ, ಕೆಳಗೆ ಚಿನ್ನ ಮಡಗವ್ರೆ. ಅಗೀರಿ!" ಎಂದು ಮಹಾಲಿಂಗಯ್ಯ ಅರಚಿದ. ಕೊಳೆಯಾದ ಕೈಗೆ ಏನಾದರೂ ಫಲ ಬೇಕಿತ್ತು.

ಗುದ್ದಲಿ, ಹಾರೆಗಳು ಬಂದವು. ಪಟ್ಟಾಭಿರಾಮರು ಅಡ್ಡ ಬಿದ್ದು, "ಅಯ್ಯೋ, ನನ್ನ ಲೋಟ! ನಾಳೆ ಕಮಿಟಿ ಬರುತ್ತೆ ಕಣ್ರಪ್ಪಾ!" ಎಂದು ಗೋಗರೆದರು. ಕಮಿಟಿಯಲ್ಲಿ ಎಷ್ಟು ಜನ ಪಾಲುದಾರರು ಎಂದು ಇನ್ನೊಂದು ಅನುಮಾನ ಹುಟ್ಟಿತು, ಅಷ್ಟೆ.

ಅಗೆದರು. ಚಿನ್ನ ಬರಲಿಲ್ಲ. ಹುಳು ಬಂತು! ಸಗಣಿ ವಾಸನೆಗೆ ಬಂದು ನೆಲದೊಳಗೆ ಬಿಲ ತೋಡಿದ್ದ ಕರಿ ಹುಳುಗಳು, ತಲೆಯ ಮೇಲೆ ಕೊಂಬಿದ್ದವು, ಬಂಡೆ ಉರುಳಿಸಿದಲ್ಲಿ ಓಡುವ ಹುಳುಗಳು, ಪೊದೆ ಕಡಿದಲ್ಲಿ ಉದುರುವ ಹುಳುಗಳು. ಜನ "ಥೂ" ಎಂದು ಗುದ್ದಲಿಯಿಂದ ಆಚೆ ತಳ್ಳಿದ್ದನ್ನೆಲ್ಲ ಪಟ್ಟಾಭಿರಾಮರು ಮಂಡಿಯೂರಿ ಡಬ್ಬಿಗೆ ತುಂಬತೊಡಗಿದರು. ಮೊದಲು ಇಕ್ಕಳದಲ್ಲಿ ಹಿಡಿದರು. ಇಕ್ಕಳ ಎಲ್ಲೋ ಬಿತ್ತು. ಬರಿಗೈಯಲ್ಲೇ ಹಿಡಿದರು. ಒಂದು ಪುಟ್ಟ ಕರಿ ಹುಳು ಇಷ್ಟೆಲ್ಲ ಗಲಾಟೆಯ ನಡುವೆ ಯಾರನ್ನೂ ಲಕ್ಷಿಸದೆ, ತಲೆ ಕೆಳಗಾಗಿ ಹಿಂಗಾಲಲ್ಲಿ ತನ್ನ ಸಗಣಿ ಉಂಡೆಯನ್ನು ಉರುಳಿಸಿಕೊಂಡು ಅವರ ಅಂಗೈ ಹತ್ತಿತು. ಸ್ಟೂಲು ಹತ್ತುವ ಪಟ್ಟಾಭಿರಾಮರಿಗೆ ಆಗ ಭಯವಾಗಲಿಲ್ಲ. ಖುಷಿಯಾಯಿತು. ಇಷ್ಟು ವರ್ಷ ಪಾಠ ಹೇಳಿದ್ದು ಇದರ ಬಗ್ಗೆಯೇ ಎಂದು ಈಗ ಗೊತ್ತಾಗಿ ಕಣ್ಣಲ್ಲಿ ನೀರು ಬಂತು.

"ಅಳ್ತಾವ್ರೆ ನೋಡ್ರೋ!" ಎಂದು ಮಹಾಲಿಂಗಯ್ಯ ಕಿರುಚಿದ. "ಇಲ್ಲೇ ಐತೆ! ಇನ್ನೂ ಆಳ ಅಗೀರಿ!" ಎಂದು ಆ ದೃಶ್ಯವನ್ನು ಮೊಬೈಲಿನಲ್ಲಿ ಹಿಡಿದು ಹೋಬಳಿಯ ಗ್ರೂಪುಗಳಿಗೆಲ್ಲ ಕಳಿಸಿದ.

ಕೊನೆಗೆ ಪೊದೆಯಿಂದ ಉದುರಿದ್ದು ಒಂದು ಜೀರ್ಜಿಂಬೆ. ಹಸಿರು ಹೊನ್ನಿನ ಬೆನ್ನು ಬಿಸಿಲಲ್ಲಿ ಥಳಥಳ ಹೊಳೆಯಿತು. ಮಹಾಲಿಂಗಯ್ಯ ಅದರ ಮೇಲೆ ಕವುಚಿ ಬೀಳಲಿದ್ದ; ಅಷ್ಟರಲ್ಲಿ ಆ ವಿಡಿಯೊ ಕಂಡ ಪೊಲೀಸ್ ಠಾಣೆಯ ಎ.ಎಸ್.ಐ. ವೀರಭದ್ರಯ್ಯ ಏದುಸಿರು ಬಿಡುತ್ತ ಬೆಟ್ಟ ಹತ್ತಿ ಬಂದರು. ಅವರು ನಿಧಾನದ ಮನುಷ್ಯ. ಡಬ್ಬಿಯ ಮುಚ್ಚಳ ತೆಗೆದು ನೋಡಿದರು, ಬೇಗ ಮುಚ್ಚಿದರು.

"ಹುಳಾನೇ ಕಣಯ್ಯ ಇವು."

"ಆ ಮಿಂಚೋದು?"

"ಜೀರ್ಜಿಂಬೆ. ನಾವು ಸಣ್ಣೋರಿದ್ದಾಗ ಬೆಂಕಿಪೊಟ್ಣದಲ್ಲಿ ಸಾಕ್ತಿರ್ಲಿಲ್ವಾ? ಮೇಷ್ಟ್ರೇ, ಇವತ್ತು ಹೊರಡಿ. ನಾಳೆ ಕಾಲೇಜಿಗೆ ಬಂದು ವಿಚಾರಿಸ್ತೀನಿ. ನೀವು ಪ್ರೊಫೆಸರ್ ಹೌದೋ ಅಲ್ವೋ ಅದು ಮೊದಲು ಗೊತ್ತಾಗ್ಲಿ."

ಪಟ್ಟಾಭಿರಾಮರು ಮನೆ ಮುಟ್ಟುವ ಮೊದಲೇ ವಿಡಿಯೊ ಎಸ್.ಎಸ್. ಪುರಂ ಮುಟ್ಟಿತ್ತು. ಕಾಂಪೌಂಡಿನ ಮೇಲಿಂದ ಕಾಂತೇಶ್ ತಲೆ ಹಾಕಿ, "ಎಷ್ಟ್ ಸಿಕ್ತು ಸಾರ್?" ಎಂದು ಪಿಸುಗುಟ್ಟಿದರು. "ತುಂಬಾ ಸಿಕ್ತು!" ಎಂದರು ಪಟ್ಟಾಭಿರಾಮರು ಸಂಭ್ರಮದಿಂದ, ಡಬ್ಬಿ ತಟ್ಟುತ್ತ. ಕಾಂತೇಶ್ ಕಾಂಪೌಂಡು ಹಿಡಿದುಕೊಂಡು ನಿಂತರು.

ಸಂಜೆಯೆಲ್ಲ ಊಟದ ಮೇಜಿನ ಮೇಲೆ ಥರ್ಮಾಕೋಲ್ ಹರವಿ ಹುಳುಗಳನ್ನು ಸೂಜಿಗೆ ಚುಚ್ಚಿ ಜೋಡಿಸಿದರು. ಕಮಲ ಮೂಗಿಗೆ ಸೆರಗು ಹಿಡಿದು ದೂರ ನಿಂತಿದ್ದಳು. ಬ್ಲೌಸ್ ಪೀಸಿನ ಅನುಮಾನ ವಿಡಿಯೊ ನೋಡಿದ ಮೇಲೆ ಹೋಗಿತ್ತು. ಅದಕ್ಕಿಂತ ದೊಡ್ಡದು ಬಂದಿತ್ತು.

"ಕಾಂತೇಶ್ ಹೆಂಡ್ತಿ ಹೇಳ್ತಿದ್ರು, ಹಿಂದಿನ ರಾಜರು ಚಿನ್ನದ ಹುಳ ಮಾಡಿಸಿ ಹೂಳ್ತಿದ್ರಂತೆ. ನಿಜವಾಗಿ ಹೇಳಿ, ನನ್ನ ಹತ್ರನೂ ಮುಚ್ಚಿಡ್ತೀರಾ?"

"ನಿನ್ನಾಣೆ ಕಮಲಾ, ಹುಳ ಕಣೇ ಇವು!"

"ಆಯ್ತು ಬಿಡಿ, ನಂಬಿದೆ," ಎಂದಳು ಕಮಲ, ಜೀರ್ಜಿಂಬೆಯಿಂದ ಕಣ್ಣು ತೆಗೆಯದೆ.

ಸೋಮವಾರ ಪಟ್ಟಾಭಿರಾಮರು ಪೆಟ್ಟಿಗೆಗೆ ಟವೆಲ್ ಸುತ್ತಿ, ಕೂಸಿನಂತೆ ಎದೆಗವುಚಿ ಕಾಲೇಜಿಗೆ ಒಯ್ದರು. ಮ್ಯೂಸಿಯಂನಲ್ಲಿ ನೋಡಿದರೆ ಇನ್ನೊಂದು ಪೆಟ್ಟಿಗೆ! ಗಾಜಿನ ಕೆಳಗೆ ಬಣ್ಣಬಣ್ಣದ ಚಿಟ್ಟೆಗಳು. "ಒಂದು ಸೇಫ್ಟಿಗೆ ಇರ್ಲಿ ಅಂತ ಬಾಡಿಗೆಗೆ ತರಿಸಿದೆ," ಎಂದು ರಂಗನಾಥ್ ಹಲ್ಲು ಕಿರಿದರು. ಬೇಡವೆನ್ನುವಷ್ಟರಲ್ಲಿ ಸಮಿತಿ ಒಳಗೆ ಬಂತು.

ಸಮಿತಿಯ ಅಧ್ಯಕ್ಷೆ ಪ್ರೇಮಲತಾ ಮೇಡಂ. ಕನ್ನಡಕದ ಮೇಲಿಂದ ನೋಡುವ ಅಭ್ಯಾಸ. ಚಿಟ್ಟೆಗಳ ಮುಂದೆ ನಿಂತರು.

"ಈ ರೆಕ್ಕೆ ಹರಿದ ಚಿಟ್ಟೆ ನನಗೆ ಪರಿಚಯ. ಹೋದ ತಿಂಗಳು ಹಾಸನದಲ್ಲಿತ್ತು. ಅದಕ್ಕೆ ಮುಂಚೆ ಚಿತ್ರದುರ್ಗದಲ್ಲಿ. ಸತ್ತ ಮೇಲೆ ಇಷ್ಟು ದೂರ ಹಾರೋ ಚಿಟ್ಟೆನ ನಾನು ಬೇರೆ ಕಂಡಿಲ್ಲ." ರಂಗನಾಥ್ ಸೂರು ನೋಡಿದರು. ಮೇಡಂ ಪಟ್ಟಾಭಿರಾಮರ ಕಡೆ ತಿರುಗಿದರು. "ಇದು ಯಾವ ಊರಿನ ಬಾಡಿಗೆ?"

"ಬಾಡಿಗೆ ಅಲ್ಲ ಮೇಡಂ. ನಾನೇ ಬೆಟ್ಟಕ್ಕೆ ಹೋಗಿ ಹಿಡಿದದ್ದು."

"ನೀವು? ಬೆಟ್ಟಕ್ಕೆ?" ಮೇಡಂ ಇಸ್ತ್ರಿ ಪ್ಯಾಂಟು ನೋಡಿದರು. "ಪೆನ್ ಕೊಡಿ. ಮ್ಯೂಸಿಯಂ ಇಲ್ಲ ಅಂತ ಬರೀತೀನಿ."

ಬೆಟ್ಟದಲ್ಲಿ ನಂಬಲಿಲ್ಲ, ಮನೆಯಲ್ಲಿ ನಂಬಲಿಲ್ಲ, ಇಲ್ಲೂ ಇಲ್ಲ. ಸಿ.ಎಸ್. ಪುರದ ಹಾಸ್ಟೆಲ್ಲಿನ ಸಾರಿನ ವಾಸನೆ ಪಟ್ಟಾಭಿರಾಮರ ಮೂಗಿಗೆ ಬಡಿದಂತಾಯಿತು. ಆಗ ಬಾಗಿಲಲ್ಲಿ ದನಿ ಕೇಳಿಸಿತು.

"ಇವ್ರೇ! ಇದೇ ಮಾಲು!"

ಮಹಾಲಿಂಗಯ್ಯ ನುಗ್ಗಿ ಬಂದ. ಅವನ ಹಿಂದೆ ವೀರಭದ್ರಯ್ಯ, ಅವರ ಹಿಂದೆ ಕದರಮ್ಮ.

"ನೋಡಿ ತಾಯಿ, ಈ ಯಪ್ಪ ನಮ್ಮ ಬೆಟ್ಟಕ್ಕೆ ಬಂದು, ಗುಂಡಿ ತೋಡಿ, ಈ ಹುಳನೆಲ್ಲ ಕದ್ಕೊಂಡ್ ಬಂದವ್ರೆ! ಊರಿಗೂರೇ ಸಾಕ್ಷಿ. ವಿಡಿಯೊ ಐತೆ!"

ಪ್ರೇಮಲತಾ ಮೇಡಂ ಮೊಬೈಲು ಇಸಿದುಕೊಂಡರು. ಅದರಲ್ಲಿ ಪಟ್ಟಾಭಿರಾಮರು ಕೆಸರಲ್ಲಿ ಮಂಡಿಯೂರಿ, ಅಂಗೈ ಮೇಲೆ ಹುಳು ಬಿಟ್ಟುಕೊಂಡು, ಅಳುತ್ತ ನಗುತ್ತಿದ್ದರು. ಮೇಡಂ ಅದನ್ನು ಎರಡನೇ ಸಲ ನೋಡಿದರು. ಕನ್ನಡಕ ತೆಗೆದರು.

"ಇವರೇ ಹಿಡಿದದ್ದು ಅಂತ ಖಂಡಿತಾನಾ?"

"ಹಿಡಿದದ್ದಲ್ಲ, ಕದ್ದಿದ್ದು! ಬೇಕಾದ್ರೆ ಬರ್ಕೊಡ್ತೀನಿ, ಸೈನ್ ಮಾಡ್ತೀನಿ!"

"ಇದು ನಮ್ಮ ಎಮ್ಮೆ ಸಗಣಿಗೆ ಬಿದ್ದ ಹುಳಾನೇ ತಾಯಿ," ಎಂದು ಕದರಮ್ಮನೂ ಸೇರಿಸಿದಳು.

ಕಳ್ಳನೆಂದು ಸಾಬೀತಾದ ಕ್ಷಣದಲ್ಲೇ ಪಟ್ಟಾಭಿರಾಮರು ಪ್ರಾಮಾಣಿಕರೆಂದು ಸಾಬೀತಾಯಿತು. "ಇಷ್ಟು ಕಾಲೇಜು ತಿರುಗಿದೆ, ಮಂಡಿ ಕೊಳೆ ಮಾಡ್ಕೊಂಡ ಮೇಷ್ಟ್ರನ್ನ ಇವತ್ತೇ ನೋಡಿದ್ದು," ಎಂದು ಮೇಡಂ ಅವರ ಕೈ ಕುಲುಕಿ, ಮ್ಯೂಸಿಯಂ ಇದೆ ಎಂದು ಬರೆದರು. ವೀರಭದ್ರಯ್ಯ ಟೋಪಿ ಸರಿಮಾಡಿಕೊಂಡು, "ಪ್ರೊಫೆಸರ್ ಹೌದು," ಎಂದರು. ಪಟ್ಟಾಭಿರಾಮರಿಗೆ ಜನ್ಮ ಸಾರ್ಥಕವಾಯಿತು ಅನಿಸಿತು.

ಕೊನೆಯದಾಗಿ ಮೇಡಂ ಪೆಟ್ಟಿಗೆಯ ಮೂಲೆಗೆ ಬೆರಳಿಟ್ಟರು. ಅಲ್ಲಿ ಜೀರ್ಜಿಂಬೆ ಎಂಬ ಚೀಟಿಯಿತ್ತು. ಹುಳು ಇರಲಿಲ್ಲ, ಸೂಜಿಯೂ ಇರಲಿಲ್ಲ.

"ಇದೆಲ್ಲಿ?"

"ಅದೇ ತಾಯಿ ಚಿನ್ನದ್ದು! ಸಾಗ್ಸವ್ರೆ!" ಎಂದು ಮಹಾಲಿಂಗಯ್ಯ ಹಾರಿಬಿದ್ದ.

ಪಟ್ಟಾಭಿರಾಮರ ಮೊಬೈಲು ಹೊಡೆದುಕೊಂಡಿತು. ಈ ಸಲ ಯಾರೂ ಹೇಳಬೇಕಾಗಲಿಲ್ಲ. ಅವರೇ ಸ್ಪೀಕರಿಗೆ ಹಾಕಿದರು.

"ರೀ, ಕೋಪ ಮಾಡ್ಕೋಬೇಡಿ," ಕಮಲ ಮೆಲ್ಲಗೆ ಹೇಳಿದಳು. "ಚಿಕ್ಕಪೇಟೆ ಆಚಾರ್ರ ಅಂಗಡೀಲಿದೀನಿ. ಒರೆಗಲ್ಲಿಗೆ ಉಜ್ಜಿ ನೋಡಿದ್ರು. ಎರಡು ಕಾಲು ಮುರೀತು, ಪಾಪ. ಚಿನ್ನ ಅಲ್ವಂತೆ, ಹುಳಾನೇ ಅಂತೆ. ನೀವು ಹೇಳಿದ್ದು ನಿಜ ಕಣ್ರೀ. ನಾನೇ ನಂಬ್ಲಿಲ್ಲ."

ಪಟ್ಟಾಭಿರಾಮರು ಕಣ್ಣೊರೆಸಿಕೊಂಡರು. ಕೊನೆಗೂ ಎಲ್ಲರೂ ನಂಬಿದ್ದರು.

ಮಹಾಲಿಂಗಯ್ಯ ಒಬ್ಬ ಮಾತ್ರ ನೆಲ ನೋಡುತ್ತ ಬಹಳ ಹೊತ್ತು ಯೋಚಿಸಿದ. ಆಮೇಲೆ ವೀರಭದ್ರಯ್ಯನವರ ಕಿವಿಯ ಹತ್ತಿರ ಬಗ್ಗಿ ಕೇಳಿದ:

"ಚಿನ್ನ ಅಲ್ಲ ಅಂತ ಆಚಾರ್ರು ಯಾಕ್ ಸಾ ಅಷ್ಟ್ ಬೇಗ ಹೇಳ್ಬುಟ್ರು?"